ಸಾಲಿನ ಕೊನೆಯ ಗಾಡಿ

ಮುರಬ್ಬದ ಹಳೆಯ ಸೀಸೆಯೊಳಗೆ, ನೀರಿನ ತಳದಲ್ಲಿ, ಒಂದು ಕಲ್ಲು ಉರಿಯುತ್ತಿತ್ತು.

ಆ ಸೀಸೆ ಇದ್ದದ್ದು ಕ್ಲೈಡ್ ವೆಬರನ ಪಿಕಪ್ ಗಾಡಿಯ ಹಿಂಬದಿಯಲ್ಲಿ, ಒದ್ದೆ ಗೋಣಿತಟ್ಟಿನ ಅಡಿಯಲ್ಲಿ. ಗಾಳಿ ತಟ್ಟಿನ ಒಂದು ಮೂಲೆಯನ್ನು ಎತ್ತಿ ಮಡಚದೇ ಇದ್ದಿದ್ದರೆ ಮಾವಿಸ್ ಟಕರಳ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಹಸಿರು, ಹಸಿರಿನೊಳಗೆ ಕೆಂಡದ ಕೆಂಪು, ಆ ಕೆಂಪಿನ ಒಡಲಲ್ಲಿ ನವಿಲುಗೊರಳಿನ ನೀಲಿ. ಓಪಲ್ ಎಂಬ ರತ್ನದ ಕಲ್ಲು. ಹಸುಗೂಸಿನ ಮುಷ್ಟಿಯಷ್ಟು ದಪ್ಪ. ನೆವಾಡದ ಈ ಬೋಳು ಸೀಮೆಯಲ್ಲಿ ಕಲ್ಲು ಹುಡುಕುತ್ತ ಜೀವ ಸವೆಸಿದವರಿಗೂ ಇಂಥದ್ದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಮಾವಿಸ್ ನೋಡಿದಳು. ನೋಡೇ ಇಲ್ಲವೆಂಬಂತೆ ತಟ್ಟನ್ನು ಮೊದಲಿನ ಹಾಗೆ ಹೊದಿಸಿದಳು. ಷೆರೀಫನ ಪೊಲೀಸ್ ಕಚೇರಿಯಲ್ಲಿ ಕೂದಲು ನರೆಯುವ ತನಕ ದುಡಿದು ನಿವೃತ್ತಳಾದವಳು. ಕಂಡದ್ದನ್ನು ಕಂಡ ಕೂಡಲೇ ಆಡಬಾರದೆಂಬುದು ಅವಳಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಅದೂ ಅಲ್ಲದೆ, ಈಗ ಕಲ್ಲಿನ ಮಾತು ಆಡುವ ಹೊತ್ತಲ್ಲ. ಬೆಳಿಗ್ಗೆ ಹಳೆಯ ಬಿಡಾರದಿಂದ ಸಾಲಾಗಿ ಹೊರಟ ನಾಲ್ಕು ಗಾಡಿಗಳಲ್ಲಿ ಕೊನೆಯದು, ಡೆಲ್ಮರ್ ಪ್ರಾಟನ ನೀಲಿ ಪಿಕಪ್, ಬಿಸಿನೀರ ಬುಗ್ಗೆಯ ಈ ಬಿಡಾರಕ್ಕೆ ಇನ್ನೂ ಬಂದು ಮುಟ್ಟಿರಲಿಲ್ಲ. ಹೊತ್ತು ಆಗಲೇ ಪಡುವಣ ಗುಡ್ಡಗಳ ಕಡೆಗೆ ವಾಲಿತ್ತು.

ದೂರದಲ್ಲಿ ಧೂಳೆದ್ದಿತು. ಎಲ್ಲರೂ ಎದ್ದು ನಿಂತರು. ಧೂಳಿನೊಳಗಿಂದ ಹೊರಬಂದದ್ದು ಅಮೋಸ್ ಗಿಲ್ರಾಯನ ಗಾಡಿ. ಅಮೋಸ್ ಈ ಪ್ರಯಾಣದ ಯಜಮಾನ. ಸಾಲಿನ ಮುಂದಿನ ಗಾಡಿ ಅವನದು. ದಾರಿ ಒಡೆಯುವ ಕವಲಿನ ತನಕ ಹುಡುಕಿಕೊಂಡು ಹೋಗಿದ್ದವನು ಒಬ್ಬನೇ ತಿರುಗಿ ಬಂದಿದ್ದ.

"ಜಾಡು ಸಿಕ್ತಾ?" ಎಂದಳು ಮಾವಿಸ್.

"ಎಲ್ಲಿಯ ಜಾಡು ಮಾರಾಯ್ತಿ! ಗಾಳಿ ಗುಡಿಸಿ ಸಾರಿಸಿಬಿಟ್ಟಿದೆ. ಕವಲಿನ ಆಚೆಗೆ ದಾರಿಗಳೋ, ನಮ್ಮಜ್ಜಿ ಮುಖದ ಸುಕ್ಕಿದ್ದ ಹಾಗೆ. ಎಲ್ಲಿ ಶುರು, ಎಲ್ಲಿ ಮುಗೀತು ಒಂದೂ ತಿಳಿಯಲ್ಲ." ಅಮೋಸ್ ಟೋಪಿ ತೆಗೆದು ತೊಡೆಗೆ ಬಡಿದ. "ರೇಡಿಯೊ ಈ ಗುಡ್ಡಗಳ ಮಧ್ಯೆ ಬರೀ ಕೆಮ್ಮುತ್ತೆ. ಪಟ್ಟಣದಿಂದ ಜನ ಬರೋದು ಅಂದ್ರೆ ನಾಳೆಯ ಮಾತು."

ನಾಳೆ. ಆ ಮಾತಿನ ಅರ್ಥ ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ನೆಲಕ್ಕೆ ಯಾರ ಮೇಲೂ ಹಗೆಯಿಲ್ಲ. ಬಂದವನ ಮೈಯಲ್ಲಿ ಇರುವಷ್ಟು ನೀರನ್ನು ಸದ್ದಿಲ್ಲದೆ, ಅವಸರವಿಲ್ಲದೆ ಕುಡಿದು ಮುಗಿಸುತ್ತದೆ, ಅಷ್ಟೆ. ಎಣ್ಣೆ ತೀರಿದ ಬತ್ತಿ ಎಷ್ಟು ಹೊತ್ತು ಉರಿದೀತು?

ಡೆಲ್ಮರನ ಹೆಂಡತಿ ರೊವೀನಾ ಮಡಚು ಕುರ್ಚಿಯಿಂದ ಎದ್ದವಳೇ ಕ್ಲೈಡನ ಎದುರಿಗೆ ಹೋಗಿ ನಿಂತಳು. ಸಣ್ಣ ಮೈಕಟ್ಟು, ದೊಡ್ಡ ದನಿ.

"ಅವನ ಮುಂದಿನ ಗಾಡಿ ನಿಂದು ಕಣೋ! ನಿಂದು! ನನ್ನ ಗಂಡನ್ನ ಎಲ್ಲಿ ಬಿಟ್ಟು ಬಂದೆ ಹೇಳು!"

ಕಲ್ಲು ಹುಡುಕಿ ಅಲೆಯುವ ಇಂಥ ಕಲ್ಲುಹುಚ್ಚರ ಸಾಲಿಗೆ ಇರುವುದು ಒಂದೇ ಕಟ್ಟಳೆ. ನಿನ್ನ ಹಿಂದೆ ಬರುವವನು ನಿನ್ನ ಪಾಲು. ಮುಂದೆ ನೋಡಿದ್ದಕ್ಕಿಂತ ಕನ್ನಡಿಯಲ್ಲಿ ಹೆಚ್ಚು ನೋಡು. ಅವನ ಧೂಳು ಕಾಣಿಸದಿದ್ದರೆ ನಿಲ್ಲು. ನೀನು ನಿಂತರೆ ನಿನ್ನ ಮುಂದಿನವನು ನಿಲ್ಲುತ್ತಾನೆ. ಕವಲು ಬಂದರಂತೂ, ಹಿಂದಿನವನು ನಿನ್ನನ್ನು ಕಣ್ಣಾರೆ ಕಾಣುವ ತನಕ ತಿರುಗಬೇಡ. ಜಪಮಾಲೆಯ ಮಣಿಗಳನ್ನು ದಾರ ಹಿಡಿದ ಹಾಗೆ ಆ ಒಂದು ಮಾತು ಸಾಲನ್ನು ಹಿಡಿದಿರುತ್ತದೆ. ಡೆಲ್ಮರನ ಮುಂದಿನ ಗಾಡಿ ಕ್ಲೈಡನದು.

"ನಿಂತಿದ್ದೆ ನಾನು!" ಎಂದ ಕ್ಲೈಡ್. ನಡುವಯಸ್ಸಿನ, ಬಿಸಿಲಿಗೆ ಬೆಂದ ಮುಖದವನು. "ಕವಲಲ್ಲಿ ನಿಂತು ಕಾದೆ. ಅವನ ಧೂಳು ಕಾಣಿಸ್ತು, ಕೈ ಬೀಸಿದೆ, ಅವನೂ ಹಾರ್ನ್ ಹೊಡೆದ. ಇನ್ನೇನು ಮಾಡ್ಬೇಕಿತ್ತು? ಇಳಿದು ಹೋಗಿ ಕಿರುಬೆರಳು ಹಿಡ್ಕೊಂಡು ಕರ್ಕೊಂಡು ಬರ್ಬೇಕಿತ್ತಾ?"

"ಆಮೇಲೆ?"

"ಆಮೇಲೆ ಉಪ್ಪುಬಯಲು. ಅಲ್ಲಿಂದ ಒಂದೇ ದಾರಿ, ಧೂಳು ತಿನ್ನದ ಹಾಗೆ ಅವರವರ ವೇಗಕ್ಕೆ ಬನ್ನಿ ಅಂತ ಅಮೋಸೇ ಹೇಳಿದ್ನಲ್ಲ. ನಂಗೆ ಟೈರು ಪಂಕ್ಚರ್ ಆಯ್ತು. ಬದಲಾಯಿಸ್ಕೊಂಡು ನಿಧಾನಕ್ಕೆ ಬಂದೆ. ಅವನು ಎಲ್ಲೋ ಒಂದು ಕಲ್ಲು ಕಂಡು ಇಳಿದಿರ್ತಾನೆ. ಡೆಲ್ಮರನ ಬುದ್ಧಿ ನಿಮಗೆಲ್ಲ ಗೊತ್ತಿಲ್ವಾ?"

"ಗೊತ್ತಿದೆ, ಚೆನ್ನಾಗಿ ಗೊತ್ತಿದೆ," ಎಂದಳು ರೊವೀನಾ. ದನಿ ಒಮ್ಮೆಗೇ ಕುಗ್ಗಿತು. "ಅದಕ್ಕೇ ಅಲ್ವಾ ನಾನು ಮಾವಿಸ್ ಗಾಡೀಲಿ ಬಂದಿದ್ದು? ಅವನ ಗಾಡೀಲಿ ಕಲ್ಲಿಗೆ ಸೀಟು, ಹೆಂಡತಿಗೆ ಧೂಳು." ಕೈಗೆ ಸಿಕ್ಕಿದ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು. "ನೀರಂತೂ ಇದೆ ಅವನ ಹತ್ರ. ಬೆಳಿಗ್ಗೆ ನಾನೇ ಕೈಯಾರೆ ಕ್ಯಾನು ತುಂಬಿಸಿ, ವಿನೆಗರ್ ಬೆರೆಸಿ ಇಟ್ಟಿದೀನಿ. ಅದಿಲ್ದೆ ಇಳಿಯಲ್ಲ ಅವನಿಗೆ."

ಡೆಲ್ಮರನ ಹುಳಿನೀರು ಇಡೀ ಬಳಗಕ್ಕೆ ತಮಾಷೆಯ ವಸ್ತು. ಸೇಬಿನ ವಿನೆಗರು ನೀರಿಗೆ ಹಾಕಿ ಕುಡಿದರೆ ಬಿಸಿಲು ತಟ್ಟುವುದಿಲ್ಲವೆಂದು ಅವನ ಅಜ್ಜಿ ಹೇಳಿದ್ದಳಂತೆ. "ಉಪ್ಪಿನಕಾಯಿ ಆಗ್ತೀಯ ಕಣೋ, ಜಾಡೀಲಿ ಹಾಕಿಡ್ತೀವಿ" ಎಂದು ಅಮೋಸ್ ನಿನ್ನೆಯೂ ಛೇಡಿಸಿದ್ದ. ಡೆಲ್ಮರನನ್ನು ಬಿಟ್ಟರೆ ಆ ನೀರನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಮಾವಿಸ್ ಯಾರಿಗೂ ಏನೂ ಹೇಳದೆ ಕ್ಲೈಡನ ಗಾಡಿಯನ್ನು ಒಂದು ಸುತ್ತು ಬಂದಳು. ಗಂಡ ತೀರಿಕೊಂಡ ಮೇಲೆ ಮನೆಯ ಗೋಡೆ ನೋಡುತ್ತ ಕೂತಿದ್ದ ಅವಳ ಕೈಗೆ ಮೊದಲ ಕಲ್ಲನ್ನು ಇಟ್ಟವನು ಡೆಲ್ಮರ್. ಕಲ್ಲು ಕೊಯ್ಯುವುದನ್ನು, ಉಜ್ಜುವುದನ್ನು, ಹೊಳಪು ಬರುವ ತನಕ ತಾಳುವುದನ್ನು ಕಲಿಸಿದವನೂ ಅವನೇ. ಅವನಿಗೆ ಏನಾದರೂ ಆದರೆ ಎಂಬ ಮಾತನ್ನು ಮನಸ್ಸು ಪೂರ್ತಿ ಮಾಡಲು ಒಪ್ಪಲಿಲ್ಲ. ಬಾಗಿ ಗಾಡಿಯ ಹೊಟ್ಟೆಯನ್ನು ನೋಡಿದಳು.

ಹೆಚ್ಚುವರಿ ಚಕ್ರ ಅಲ್ಲೇ ನೇತಾಡುತ್ತಿತ್ತು. ಗಾಳಿ ತುಂಬಿ ಬಿಗಿಯಾಗಿತ್ತು. ಅದರ ನಡುವಿನ ತೂತಿನಲ್ಲಿ ಜೇಡವೊಂದು ಬಲೆ ಕಟ್ಟಿ, ಬಲೆಗೆ ಹಳೆಯ ಧೂಳು ಕೂತು, ಅದು ಹತ್ತಿಯ ಎಳೆಯ ಹಾಗೆ ದಪ್ಪವಾಗಿತ್ತು.

ಆ ಚಕ್ರವನ್ನು ಇವತ್ತು ಯಾರೂ ಬಿಚ್ಚಿರಲಿಲ್ಲ.

*

"ಎಂಥ ಚೆಂದದ ಕಲ್ಲು ಕ್ಲೈಡ್, ಅದು," ಎಂದಳು ಮಾವಿಸ್.

ಕಾಫಿಗೆ ನೀರಿಡುತ್ತಿದ್ದ ಕ್ಲೈಡ್ ಬೆಂಕಿಯಿಂದ ಕೈ ಎಳೆದುಕೊಂಡ. "ಯಾವ ಕಲ್ಲು?"

"ತಟ್ಟಿನ ಕೆಳಗಿರೋದು."

"ಓ ಅದಾ." ಅವನು ನಗಲು ನೋಡಿದ. "ನಿನ್ನೆ ಸಿಕ್ಕಿದ್ದು. ಹಳೇ ಬಿಡಾರದ ಹತ್ರ, ಯಾರೋ ಅಗೆದು ಬಿಸಾಕಿದ್ದ ಮಣ್ಣಿನ ಗುಡ್ಡೇಲಿ."

"ನಿನ್ನೆ ಸಂಜೆ ಹರಿವಾಣಕ್ಕೆ ಇಡಲೇ ಇಲ್ವಲ್ಲ?"

ಕ್ಲೈಡ್ ಬೆಂಕಿಗೆ ಕಡ್ಡಿ ಒಟ್ಟಿದ. ಪ್ರತಿ ಸಂಜೆ ಪ್ರಾರ್ಥನೆ ಮುಗಿದು ಊಟಕ್ಕೆ ಕೂರುವ ಮೊದಲು, ಆ ದಿನ ಸಿಕ್ಕಿದ್ದನ್ನೆಲ್ಲ ತಗಡಿನ ಹರಿವಾಣದಲ್ಲಿ ಎಲ್ಲರೆದುರು ಇಡುವುದು ಬಳಗದ ಪದ್ಧತಿ. ಪುಡಿಗಲ್ಲಾದರೂ ಸರಿ, ಇಡಬೇಕು. ಒಂದು ಗಳಿಗೆ ಎಲ್ಲರ ಕೈಯಲ್ಲೂ ಅದು ಆಡಬೇಕು. ತೋರಿಸದ ಕಲ್ಲು ಕದ್ದ ಕಲ್ಲು ಎಂದು ಹಳಬರು ಹೇಳುತ್ತಾರೆ.

"ಕಣ್ಣು ಬೀಳುತ್ತೆ ಅಂತ ಇಡ್ಲಿಲ್ಲ ಅನ್ನು," ಎಂದು ಅಮೋಸ್ ಅಲ್ಲಿಂದಲೇ ಕೂಗಿದ.

"ಹೌದು ಕಣಯ್ಯ, ಅದೇ ಅನ್ಕೋ."

ಮಾವಿಸ್ ಹೋಗಿ ಸೀಸೆಯನ್ನು ತಂದಳು. ಮುಚ್ಚಳ ತಿರುಚಿ ಎರಡು ಬೆರಳಿನಿಂದ ಕಲ್ಲನ್ನು ಎತ್ತಿದಳು. "ಹುಷಾರು, ಹುಷಾರು ಮಾವಿಸಮ್ಮ, ಗಾಳಿಗೆ ಹಿಡೀಬೇಡ!" ಎಂದು ಕ್ಲೈಡ್ ಎದ್ದೇಬಿಟ್ಟ. ಅವನ ಹೆದರಿಕೆ ಸುಳ್ಳಲ್ಲ. ಇಲ್ಲಿಯ ಓಪಲ್ ತೇವದ ಜೇಡಿಮಣ್ಣಿನ ಗರ್ಭದಲ್ಲಿ ಬೆಳೆದದ್ದು. ಹೊರಗಿನ ಒಣಗಾಳಿ ಸೋಕಿದರೆ ಸಾಕು, ಮೈಯೆಲ್ಲ ಕೂದಲೆಳೆಯ ಬಿರುಕು ಹರಿದು ಬೆಂಕಿ ಆರಿ ಬರೀ ಬಿಳಿ ಹೆಂಟೆಯಾಗುತ್ತದೆ. ಅಗೆದ ಕೂಡಲೇ ನೀರಿಗೆ ಇಳಿಸಬೇಕು. ಅದಕ್ಕೇ ಈ ಕಡೆ ಕಲ್ಲಿಗೆ ಹೋಗುವವರು ಅನ್ನ ಮರೆತಾರು, ಸೀಸೆ ಮರೆಯರು.

ಅವಳು ಅದನ್ನು ಸೂರ್ಯನಿಗೆ ಹಿಡಿದಳು. ನೋಡುತ್ತಿದ್ದ ಹಾಗೇ ಮೈ ಒಣಗಿ ಬಣ್ಣ ಮಸುಕಾಯಿತು. ಯೋಚಿಸಿ ಮಾಡಿದ್ದಲ್ಲ, ಕಲ್ಲುಹುಚ್ಚರೆಲ್ಲರ ಕೆಟ್ಟ ಅಭ್ಯಾಸ ಅದು. ಕಲ್ಲಿನ ಬಣ್ಣ ಕಾಣಬೇಕೆಂದರೆ ಅವರ ನಾಲಿಗೆ ತಾನಾಗಿ ಹೊರಬರುತ್ತದೆ.

ಅವಳು ಕಲ್ಲನ್ನು ನೆಕ್ಕಿದಳು.

ನಾಲಿಗೆಯ ತುದಿಗೆ ಹುಳಿ ತಾಗಿತು.

ಬುಗ್ಗೆಯ ನೀರಿಗೆ ಗಂಧಕದ ವಾಸನೆ. ಹಳೇ ಬಿಡಾರದ ನೀರು ಸಪ್ಪೆ. ಇದು ಹುಳಿ, ಸೇಬಿನ ಹುಳಿ. ಅದರ ಹಿಂದೆಯೇ ಲವಂಗ ಕಚ್ಚಿದಂತೆ ಸಣ್ಣಗೆ ಒಂದು ಜುಮ್ಮು. ಮಾವಿಸ್ ಉಗುಳಿ, ಕಲ್ಲನ್ನು ನಿಧಾನವಾಗಿ ನೀರಿಗೆ ಬಿಟ್ಟು, ಮುಚ್ಚಳ ಬಿಗಿದಳು.

"ಕ್ಲೈಡ್, ಸ್ವಲ್ಪ ಬುಗ್ಗೆ ಹತ್ರ ಬಾಪ್ಪ. ಒಂದು ಮಾತಿದೆ."

"ಇಲ್ಲೇ ಹೇಳಬಾರದಾ?"

"ಇಲ್ಲಿ ಹೇಳಿದ್ರೆ ರೊವೀನಾ ನಿನ್ನ ಕಣ್ಣು ಕೀಳ್ತಾಳೆ. ಬಾ."

*

ಬುಗ್ಗೆಯ ಅಂಚಿನಲ್ಲಿ ನೆಲ ಬೆಳ್ಳಗೆ ಉಪ್ಪು ಕಟ್ಟಿತ್ತು. ನೀರಿನ ಮೇಲೆ ಸಣ್ಣಗೆ ಹಬೆ. ಮಾವಿಸ್ ಸೀಸೆಯನ್ನು ಅವನ ಮತ್ತು ತನ್ನ ನಡುವೆ, ಒಂದು ಬಂಡೆಯ ಮೇಲೆ ಇಟ್ಟಳು.

"ಚಕ್ರ ನೀನು ಬದಲಾಯಿಸಿಲ್ಲ. ಜೇಡ ಇನ್ನೂ ಅಲ್ಲೇ ಸಂಸಾರ ಮಾಡ್ತಾ ಇದೆ."

"ಅದು... ಪೂರ್ತಿ ಪಂಕ್ಚರ್ ಅಲ್ಲ, ಗಾಳಿ ಕಮ್ಮಿ ಆಗಿತ್ತು, ಪಂಪು ಹೊಡೆದೆ..."

"ಈ ಸೀಸೆಯಲ್ಲಿರೋದು ಡೆಲ್ಮರನ ನೀರು."

ಕ್ಲೈಡನ ಮುಖದ ರಕ್ತ ಇಳಿಯಿತು. ಬಿಸಿಲಿಗೆ ಬೆಂದ ಚರ್ಮದ ಕೆಳಗಿಂದ ರಕ್ತ ಇಳಿದಾಗ ಮುಖ ಬೂದಿಬಣ್ಣ ಬರುತ್ತದೆ.

"ನೀರಿಗೇನು ಹೆಸರು ಬರೆದಿರ್ತಾರಾ ಮಾವಿಸಮ್ಮ?"

"ಕುಡಿದು ನೋಡು. ಬರೆದಿದೆ."

ಅವನು ಸೀಸೆಯನ್ನು ನೋಡಿದ. ಮುಟ್ಟಲಿಲ್ಲ.

"ನಾನು ಪೊಲೀಸಮ್ಮನಾಗಿ ಕೇಳ್ತಿಲ್ಲ ಕ್ಲೈಡ್. ಆ ಕೆಲಸ ಬಿಟ್ಟಾಯ್ತು. ಅವನು ಎಲ್ಲಿದಾನೆ ಅಷ್ಟು ಹೇಳು. ಕಳ್ಳತನ ನಾಳೆ ನೋಡ್ಕೊಳ್ಳೋಣ. ಹೊತ್ತು ಮುಳುಗಿದ್ರೆ ಆ ಕೊರಕಲುಗಳಲ್ಲಿ ಯಾರಿಗೂ ಯಾರೂ ಸಿಗಲ್ಲ."

"ಈಗ ಹೇಳಿದ್ರೆ ಕೊಂದವನು ನಾನೇ ಅಂತೀರಿ ಎಲ್ರೂ."

"ಹೇಳದೇ ಇದ್ರೆ ನಿಜವಾಗ್ಲೂ ನೀನೇ ಆಗ್ತೀಯ."

ಬುಗ್ಗೆ ಒಂದು ಗುಳ್ಳೆ ಬಿಟ್ಟಿತು. ಕ್ಲೈಡ್ ಉಪ್ಪಿನ ಮೇಲೆ ಕೂತ. ಕೂತ ಮೇಲೆ ಮಾತು ತಾನಾಗಿ ಬಂತು. ಒಳಗೇ ಕೊಳೆಯುತ್ತಿದ್ದುದು ದಾರಿ ಕಂಡು ಹರಿದಂತೆ.

"ಮುರಿದ ಚಕ್ರ ಅಂತಾರಲ್ಲ, ಆ ಕೊರಕಲು. ಕವಲಿಂದ ಬಡಗಕ್ಕೆ. ಅವನೇ ಕರೆದದ್ದು, ದೇವರಾಣೆ. ಕವಲಲ್ಲಿ ನಾನು ನಿಂತಿದ್ನಲ್ಲ, ಹತ್ರ ಬಂದು ಕಿವೀಲಿ ಹೇಳ್ದ: ಹಳೇ ಗುಂಡಿ ಒಂದಿದೆ ಕಣೋ, ಯಾರೂ ಮುಟ್ಟಿಲ್ಲ, ಒಂದು ಗಳಿಗೆ ಅಗೆದು ಸಾಲು ಸೇರ್ಕೊಳ್ಳೋಣ, ಅಮೋಸನಿಗೆ ಹೇಳಬೇಡ, ಬಯ್ತಾನೆ ಅಂತ. ಹೋದ್ವಿ. ದಿಬ್ಬದ ಜೇಡಿಮಣ್ಣಲ್ಲಿ ಮೊದಲನೇ ಏಟಿಗೇ ಹೊಳೀತು ಅದು. ಏಟು ಅವನದು. ಹೊರಗೆ ಎಳೆದದ್ದು ನಾನು."

"ಜಗಳ ಆಯ್ತು."

"ಆಯ್ತು. ಅಷ್ಟರಲ್ಲಿ ಕಲ್ಲು ಒಣಗ್ತಾ ಇದೆ! ನೋಡ್ತಾ ನೋಡ್ತಾ ಅಂಚಲ್ಲಿ ಒಂದು ಎಳೆ ಬಿರುಕು ಬಿಡ್ತು. ಸೀಸೆ ನನ್ನ ಹತ್ರ ಇತ್ತು, ನೀರಿರ್ಲಿಲ್ಲ. ಇದ್ದ ನೀರೆಲ್ಲ ಬೆಳಿಗ್ಗೆ ಕಲ್ಲು ತೊಳೆದು ಮುಗಿಸಿದ್ದೆ. ಅವನು ಆಗಷ್ಟೇ ಎರಡು ಗುಟುಕು ಕುಡಿದಿಟ್ಟಿದ್ದ ಕ್ಯಾನು ಎತ್ತಿ ಸುರಿದೆ. ಅಷ್ಟಕ್ಕೇ ಅವನಿಗೆ ಏನಾಯ್ತೋ, ಸುತ್ತಿಗೆ ಎತ್ಕೊಂಡು ಬಂದ. ಬಂದವನು ನನ್ನ ಮುಟ್ಟೋ ಮೊದಲೇ ತಡವರಿಸಿ ಕೂತುಬಿಟ್ಟ. ಮಾತು ತೊದಲ್ತಿತ್ತು. ವಾಂತಿ ಮಾಡ್ಕೊಂಡ."

"ವಾಂತಿ?"

"ಬಿಸಿಲು ಅನ್ಕೊಂಡೆ. ಹೆದರಿಕೆ ಆಯ್ತು ಮಾವಿಸಮ್ಮ. ಸೀಸೆ ತಗೊಂಡೆ, ಕ್ಯಾನು ಕೈಲೇ ಇತ್ತು, ಗಾಡಿಗೆ ಹಾರಿ ಬಂದುಬಿಟ್ಟೆ. ಅವನಿಗೆ ಅವನ ಗಾಡಿ ಇತ್ತಲ್ಲ! ಸುಧಾರಿಸ್ಕೊಂಡು ಹಿಂದೇನೇ ಬರ್ತಾನೆ, ಬಯ್ತಾನೆ, ಎರಡು ಬಿಗೀತಾನೆ, ಕಲ್ಲು ಕೊಯ್ದು ಹಂಚ್ಕೊಳ್ತೀವಿ ಅಂತಲೇ ಅನ್ಕೊಂಡಿದ್ದೆ. ಬರ್ತಾನೆ, ಈಗ ಬರ್ತಾನೆ ಅಂತ ಆ ದಾರಿ ನೋಡ್ತಾನೇ ಕೂತಿದೀನಿ ಮಧ್ಯಾಹ್ನದಿಂದ."

ಮಾವಿಸ್ ಅವನನ್ನು ನೋಡಿದಳು. ಇವನನ್ನು ದ್ವೇಷಿಸುವುದು ಸುಲಭವಿತ್ತು. ಆದರೆ ಕಲ್ಲು ಬಿರುಕು ಬಿಡುವ ಹೊತ್ತಿನಲ್ಲಿ ಕಲ್ಲುಹುಚ್ಚನ ತಲೆಯಲ್ಲಿ ಬೇರೇನೂ ಇರುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ದೇವರು ಮನುಷ್ಯನನ್ನು ಪರೀಕ್ಷಿಸಲು ದೊಡ್ಡ ದೊಡ್ಡ ಪಾಪಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೊಗಸೆಯಷ್ಟು ನೀರು ಸಾಕು.

"ಏಳು," ಎಂದಳು. "ದಾರಿ ತೋರಿಸು."

*

ನಾಲ್ವರೂ ಮಾವಿಸಳ ಜೀಪಿನಲ್ಲೇ ಹೊರಟರು. ವಿಷಯ ಕೇಳಿದ ಅಮೋಸ್ ಕ್ಲೈಡನ ಕೊರಳಪಟ್ಟಿಗೆ ಕೈಹಾಕಿ, "ಸಾಲು ಮುರಿದವನೇ, ನಿನ್ನನ್ನ ಇಲ್ಲೇ ಹೂತು ಗುಂಡಿ ಮುಚ್ಚಿ ಹೋಗ್ತೀನಿ ನೋಡು" ಎಂದು ಅಬ್ಬರಿಸಿದ್ದ. ರೊವೀನಾ ಕೂಗಾಡುವಳೆಂದು ಮಾವಿಸ್ ನಿರೀಕ್ಷಿಸಿದ್ದಳು. ರೊವೀನಾ ಕೂಗಲಿಲ್ಲ. ಕ್ಲೈಡನನ್ನು ಒಂದು ಗಳಿಗೆ ನೆಟ್ಟ ಕಣ್ಣಿನಿಂದ ನೋಡಿದಳು.

"ಕ್ಯಾನು ಎಲ್ಲಿ?" ಎಂದಳು.

"ಸೀಟಿನ ಕೆಳಗಿದೆ. ಸೀಸೆಗೆ ಸುರಿದಷ್ಟು ಬಿಟ್ರೆ ಎಲ್ಲ ಹಾಗೇ ಇದೆ. ಆ ಹುಳಿನೀರು ಯಾವನು ಕುಡೀತಾನೆ?"

ಅವಳೇ ಹೋಗಿ ತಂದಳು. ಈಗ ಹಿಂದಿನ ಸೀಟಿನಲ್ಲಿ, ಅಮೋಸನ ಪಕ್ಕದಲ್ಲಿ, ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬುಗ್ಗೆ ನೀರು ಕಾಯಿಸಿ ಆರಿಸಿದ್ದು ಬೇಕಾದಷ್ಟಿದೆ ಜೀಪಲ್ಲಿ," ಎಂದಳು ಮಾವಿಸ್.

"ಅವನಿಗೆ ಇದೇ ಆಗಬೇಕು ಮಾವಿಸ್. ಇದೇ ರುಚಿ ಅವನಿಗೆ."

ಉಪ್ಪುಬಯಲಿನ ಮೇಲೆ ಜೀಪಿನ ನೆರಳು ಉದ್ದವಾಗುತ್ತ ಹೋಯಿತು. ಅಷ್ಟು ದೂರದಲ್ಲಿ ಗಾಳಿ ಮಣ್ಣನ್ನು ಕಂಬದಂತೆ ಎಬ್ಬಿಸಿ, ತಿರುಗಿಸಿ, ಬೇಸರವಾದಾಗ ಕೆಡವುತ್ತಿತ್ತು. ಕವಲು ಬಂತು. ಬಡಗಣ ದಾರಿ ದಾರಿಯೇ ಅಲ್ಲ. ಸೇಜ್ ಪೊದೆಗಳ ನಡುವೆ ಮಳೆನೀರು ಎಂದೋ ಕೊರೆದಿಟ್ಟ ಕಾಲುವೆ. ಮಾವಿಸಳ ನಾಲಿಗೆಯ ತುದಿ ಇನ್ನೂ ಜುಮುಗುಡುತ್ತಿತ್ತು. ವಿನೆಗರು ಇಷ್ಟು ಹೊತ್ತು ಉಳಿಯುತ್ತದೆಯೇ ಎಂದುಕೊಂಡಳು. ಮುಂದೊಂದು ಬಂಡೆ ಅಡ್ಡ ಬಂತು, ಆ ಯೋಚನೆ ಅಲ್ಲೇ ನಿಂತಿತು.

ಕೊರಕಲಿನ ಮೇಲೆ, ಆಕಾಶದಲ್ಲಿ, ಎರಡು ರಣಹದ್ದುಗಳು ಸುತ್ತುತ್ತಿದ್ದವು. ಯಾರೂ ಅವುಗಳ ಮಾತೆತ್ತಲಿಲ್ಲ. ಅಮೋಸ್ ಟೋಪಿ ತೆಗೆದು ಎದೆಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸತೊಡಗಿದ.

ನೀಲಿ ಪಿಕಪ್ ತಿರುವಿನಲ್ಲೇ ನಿಂತಿತ್ತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

"ಡೆಲ್ಮರ್!" ಎಂದು ಅಮೋಸ್ ಕೂಗಿದ. ಕೊರಕಲಿನ ಗೋಡೆ ಆ ಹೆಸರನ್ನು ಮುರಿದು ಮುರಿದು ಹಿಂದಕ್ಕೆ ಎಸೆಯಿತು.

ಮಾವಿಸ್ ಗಾಡಿಯೊಳಗೆ ಬಾಗಿದಳು. ಪಕ್ಕದ ಸೀಟಿನ ತುಂಬ ಕಲ್ಲು. ಬೀಗದ ಕೈ ಜಾಗದಲ್ಲೇ ಇತ್ತು. ತಿರುಗಿಸಿದಳು. ಎಂಜಿನು ಒಂದೇ ತಿರುವಿಗೆ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಪೆಟ್ರೋಲಿನ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಚಕ್ರಗಳು ಗಟ್ಟಿಯಾಗಿದ್ದವು.

ಅವಳು ಎಂಜಿನು ನಿಲ್ಲಿಸಿ ಹಾಗೇ ನಿಂತಳು. ಕ್ಲೈಡ್ ಹೇಳಿದ್ದು ನಿಜ. ಗಾಡಿಗೆ ಏನೂ ಆಗಿಲ್ಲ. ಹಾಗಾದರೆ ನಲವತ್ತು ವರ್ಷ ಮರುಭೂಮಿ ತುಳಿದ ಮನುಷ್ಯ, ನೀರು ಕಳೆದುಕೊಂಡ ಮೇಲೂ, ಓಡುವ ಗಾಡಿಯನ್ನು ಪಕ್ಕದಲ್ಲಿಟ್ಟುಕೊಂಡು ಯಾಕೆ ಬರಲಿಲ್ಲ?

ಬಾಗಿಲಿನ ಕೆಳಗೆ ಮರಳು ಕೆದರಿತ್ತು. ಹೆಜ್ಜೆಗುರುತಲ್ಲ, ಯಾರೋ ಮೊಣಕಾಲೂರಿ ಗಾಡಿಯ ತನಕ ತೆವಳಿ ಬಂದು, ಹತ್ತಲಾಗದೆ, ತೆವಳಿಯೇ ಹಿಂದಿರುಗಿದ ಗೆರೆ. ಅವಳು ಗೆರೆಯನ್ನು ಹಿಡಿದು ನಡೆದಳು. ಗೆರೆ ದಿಬ್ಬದ ಬುಡಕ್ಕೆ ಹೋಗಿ, ಜೇಡಿಮಣ್ಣಿನಲ್ಲಿ ಅಗೆದ ಬಿಲದಂಥ ಗುಂಡಿಯೊಂದರ ಬಾಯಲ್ಲಿ ಮುಗಿದಿತ್ತು. ಬಾಯಿಯ ಹೊರಗೆ ಎರಡು ಬೂಟುಗಳು ಕಾಣುತ್ತಿದ್ದವು.

"ಓ ದೇವರೇ," ಎಂದ ಕ್ಲೈಡ್. ಹೇಳಿ, ಅಲ್ಲೇ ಮಂಡಿಯೂರಿದ.

ಒಂದು ಬೂಟು ಅಲುಗಿತು.

ಅಮೋಸ್ ಮತ್ತು ಮಾವಿಸ್ ಸೇರಿ ಅವನನ್ನು ಹೊರಗೆಳೆದರು. ಡೆಲ್ಮರನ ಹಣೆಗೆ, ಎದೆಗೆ, ತುಟಿಗೆಲ್ಲ ಒದ್ದೆ ಜೇಡಿಮಣ್ಣು ಮೆತ್ತಿತ್ತು. ಓಪಲನ್ನು ಇಷ್ಟು ಯುಗ ಕಾಪಾಡಿದ ತೇವವನ್ನೇ ಬೆರಳಿನಿಂದ ಕೆರೆದು ಕೆರೆದು ಮೈಗೆ ಬಳಿದುಕೊಂಡು, ಭೂಮಿಯ ತಂಪಿನೊಳಗೆ ತಲೆಯಿಟ್ಟು ಅವನು ಜೀವ ಹಿಡಿದಿದ್ದ. ಉಗುರುಗಳ ತುಂಬ ಮಣ್ಣು. ಕಣ್ಣು ಒಳಗೆ ಹೋಗಿತ್ತು. ಮಾವಿಸಳ ಮುಖವನ್ನು ಗುರುತಿಸಿ ಏನೋ ಹೇಳಲು ನೋಡಿದ; ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಮುದಿ ಕತ್ತೆ," ಎಂದ ಅಮೋಸ್, ಅಳುತ್ತ. "ಮುದಿ ಹೆಗ್ಗಣ, ಬಿಲ ಹೊಕ್ಕು ಕೂತಿದಾನೆ ನೋಡು!"

"ಸರೀರಿ, ಸರೀರಿ ಎಲ್ರೂ!" ರೊವೀನಾ ಓಡಿಬಂದಳು. ಕ್ಯಾನಿನ ಮುಚ್ಚಳವೇ ಬಟ್ಟಲು. ಅದನ್ನು ತುಂಬಿಸಿ ಹಿಡಿದಿದ್ದಳು. ಮಂಡಿಯೂರಿ ಗಂಡನ ಕತ್ತಿನ ಕೆಳಗೆ ಕೈಕೊಟ್ಟು, ಬಟ್ಟಲನ್ನು ತುಟಿಗೆ ತಂದಳು. "ಕುಡಿ ನನ್ನಪ್ಪ. ನಿನ್ನ ನೀರೇ ಇದು. ಕುಡಿ."

ನೀರಿನ ವಾಸನೆಗೆ ಡೆಲ್ಮರನ ಗಂಟಲು ಮೇಲೆ ಕೆಳಗೆ ಆಡಿತು. ತುಟಿ ತೆರೆಯಲಿಲ್ಲ.

"ಕುಡಿಯೋ!"

ಅವನು ಹಲ್ಲು ಕಚ್ಚಿದ. ದವಡೆಯ ಮೂಳೆ ಎದ್ದು ಕಾಣುವಂತೆ ಕಚ್ಚಿದ. ನೀರು ಗಲ್ಲದ ಮೇಲಿಂದ ಇಳಿದು ಜೇಡಿಮಣ್ಣಿನಲ್ಲಿ ಗೆರೆ ಕೊರೆಯಿತು.

"ಭ್ರಮೆ ಹಿಡಿದಿದೆ ಪಾಪ," ಎಂದ ಅಮೋಸ್. "ಬಿಸಿಲು ತಲೆಗೇರಿದಾಗ ಹೀಗೇ, ನೀರು ಕಂಡ್ರೆ ಹೆದರ್ತಾರೆ. ತಡಿ, ನಾನು ದವಡೆ ಹಿಡೀತೀನಿ, ನೀನು ಸುರಿ." ಅವನ ದೊಡ್ಡ ಕೈ ಡೆಲ್ಮರನ ಗಲ್ಲವನ್ನು ಹಿಡಿಯಿತು.

ಆಗ ಡೆಲ್ಮರನ ಕೈ ಎದ್ದಿತು. ಹೆಂಡತಿಯ ಕಡೆಗಲ್ಲ, ಅಮೋಸನ ಕಡೆಗಲ್ಲ. ಆಚೆ ಮಗ್ಗುಲಲ್ಲಿ ಮಂಡಿಯೂರಿ ಕೂತು ಬಿಕ್ಕುತ್ತಿದ್ದ ಕ್ಲೈಡನ ಅಂಗಿಯನ್ನು ಅದು ಹಿಡಿದುಕೊಂಡಿತು. ತನ್ನ ನೀರು ಕದ್ದವನ ಅಂಗಿ. ಹಿಡಿದು, ಜಗ್ಗಿ, ತನ್ನ ಮೈಯನ್ನು ಹೆಂಡತಿಯ ತೋಳಿನಿಂದ ಅವನ ಕಡೆಗೆ ಎಳೆದುಕೊಂಡಿತು.

"ಬಿಡು ಅಮೋಸ್," ಎಂದಳು ಮಾವಿಸ್. ನಾಲಿಗೆಯ ತುದಿಯ ಆ ಜುಮ್ಮು ವಿನೆಗರಿನದಲ್ಲವೆಂದು ಅವಳಿಗೆ ಈಗ ಹೊಳೆದಿತ್ತು. ಸೊಂಟದಲ್ಲಿದ್ದ ತನ್ನ ನೀರಿನ ಚೀಲವನ್ನು ಬಿಚ್ಚಿ ಡೆಲ್ಮರನ ತುಟಿಗೆ ಹಿಡಿದಳು.

ಡೆಲ್ಮರ್ ಕುಡಿದ. ಕರು ಕುಡಿದಂತೆ, ಕಣ್ಣು ಮುಚ್ಚಿ, ಉಸಿರು ಕಟ್ಟುವ ತನಕ ಕುಡಿದ.

ಅಮೋಸ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ರೊವೀನಾಳ ಕೈಯಲ್ಲಿ ಬಟ್ಟಲು ಹಾಗೇ ಇತ್ತು, ಇನ್ನೂ ಅರ್ಧ ತುಂಬಿತ್ತು.

ಡೆಲ್ಮರ್ ಕಣ್ಣು ತೆರೆದ. ನಾಲಿಗೆ ಮಾತನ್ನು ಹುಡುಕುತ್ತಿರುವುದು ಕಾಣುತ್ತಿತ್ತು. ಅವನು ಹೆಂಡತಿಯನ್ನು ನೋಡಿದ, ಬಟ್ಟಲನ್ನು ನೋಡಿದ.

"ಮೊದಲು," ಎಂದ. ಉಸಿರು ತೆಗೆದುಕೊಂಡ. "ಮೊದಲು ನೀನು ಕುಡಿ, ರೊವೀನಾ."

ರೊವೀನಾ ನಕ್ಕಳು. "ಕೇಳಿದ್ರಾ ಇವನ ಮಾತು! ಸಾಯೋ ಹೊತ್ತಲ್ಲೂ ನನಗೇ ಉಪಚಾರ." ಅಮೋಸ್ ಜೊತೆಗೂಡಿ ನಗಲು ಹೊರಟು, ಮಾವಿಸಳ ಮುಖ ಕಂಡು ನಿಲ್ಲಿಸಿದ.

"ಕುಡಿದುಬಿಡಮ್ಮ," ಎಂದಳು ಮಾವಿಸ್, ಮೆಲ್ಲಗೆ. "ಅವನ ಸಮಾಧಾನಕ್ಕೆ."

ರೊವೀನಾ ಬಟ್ಟಲನ್ನು ಎತ್ತಿದಳು. ಅದು ತುಟಿಯ ತನಕ ಬಂತು. ಅಂಚಿನ ಮೇಲಿಂದ ಅವಳ ಕಣ್ಣು ಮಾವಿಸಳ ಕಣ್ಣನ್ನು ಹುಡುಕಿ ಹಿಡಿಯಿತು. ಅದರಲ್ಲಿ ಒಂದು ಹನಿ ಕಣ್ಣೀರೂ ಇರಲಿಲ್ಲ.

ಬಟ್ಟಲು ಅಲ್ಲೇ ನಿಂತಿತು.